ರಾತ್ರಿ ಹತ್ತರ ಮೇಲೆ ಫೋನ್ ಎತ್ತದ ವಕೀಲರು ಯಾರಾದರೂ ಇದ್ದೀರಾ?

ಕರಿಕೋಟು · ಭಾನುವಾರ, ರಾತ್ರಿ 11:52

ಶಿವಮೊಗ್ಗದಲ್ಲಿ ಪ್ರಾಕ್ಟೀಸ್, 14 ವರ್ಷ ಆಯಿತು. ಜಾಸ್ತಿ ಸಿವಿಲ್. ಪಾಲು ದಾವೆ, ತೋಟದ ದಾರಿ, ಇಂಜಂಕ್ಷನ್, ನಡುನಡುವೆ ಚೆಕ್ ಬೌನ್ಸ್. ಕೆಲಸದ ಮೇಲೆ ನನಗೆ ಬೇಜಾರಿಲ್ಲ. ಅದು ಮನೆಗೂ ಬಂದು ಕೂರುತ್ತದಲ್ಲ, ಅದೇ ಬೇಜಾರು.

ಸಂಜೆ ಕೋರ್ಟ್ ಏಳುತ್ತದೆ. ಒಂಬತ್ತಕ್ಕೆ ಆಫೀಸಿನ ಬಾಗಿಲು ಹಾಕುತ್ತೇನೆ. ಊಟಕ್ಕೆ ಕೂತರೆ ನಾಳೆಯ ಸಾಕ್ಷಿ ಎದುರಿಗೆ ಬಂದು ನಿಲ್ಲುತ್ತಾನೆ. ಮೊನ್ನೆ ಮಗಳು ನೀರಿನ ಬಾಟಲಿ ಕಳೆದುಕೊಂಡು ಬಂದಳು. ನಾನು ಕೇಳಿದ್ದು ಹೀಗೆ: "ವ್ಯಾನ್ ಹತ್ತುವಾಗ ಕೈಯಲ್ಲಿತ್ತು ಅಂತ ಆಗಲೇ ಹೇಳಿದೆ. ಈಗ ಬ್ಯಾಗಲ್ಲಿತ್ತು ಅಂತೀಯ. ಎರಡರಲ್ಲಿ ಯಾವುದು ನಿಜ? ಯೋಚನೆ ಮಾಡಿ ಹೇಳು." ಏಳು ವರ್ಷದ ಮಗು. ತುತ್ತು ಬಾಯಲ್ಲಿಟ್ಟುಕೊಂಡೇ ಅಳೋಕೆ ಶುರು ಮಾಡಿತು. ಹೆಂಡತಿ, "ಸಾಕ್ಷಿ ಕಟಕಟೆಯಿಂದ ಇಳೀಲಿ, ಊಟ ತಣ್ಣಗಾಗ್ತಿದೆ" ಅಂದಳು. ನಗು ಬರಲಿಲ್ಲ ನನಗೆ.

ಇನ್ನು ಫೋನು. ಹತ್ತೂವರೆಗೆ ಒಬ್ಬ, "ಸಾರ್, ಆ್ಯಪಲ್ಲಿ ನಮ್ಮ ಕೇಸ್ ಡಿಸ್ಪೋಸ್ ಅಂತ ತೋರಿಸ್ತಿದೆ." ಮುಗಿದಿದ್ದು ಕೇಸಿನೊಳಗಿನ ಒಂದು ಐಎ, ಅಂದರೆ ಮಧ್ಯಂತರ ಅರ್ಜಿ ಅಷ್ಟೇ. ಬಿಡಿಸಿ ಹೇಳುವಷ್ಟರಲ್ಲಿ ಹನ್ನೊಂದು. ಮೂರು ಗಂಟೆಗೆ ಎಚ್ಚರ. ಆ ನೋಟಿಸ್ ಕಳಿಸಿದೆನಾ? ಕೊನೇ ದಿನ ಯಾವತ್ತು? ಎದ್ದು ಫೋನಲ್ಲಿ ನೋಡುತ್ತೇನೆ. ಕಳಿಸಿರುತ್ತೇನೆ. ಆದರೂ ಆಮೇಲೆ ನಿದ್ದೆ ಬರುವುದಿಲ್ಲ.

ನೀವೆಲ್ಲ ಹೇಗೆ ಮಾಡುತ್ತೀರಿ? ಯೋಗ ಮಾಡಿ ಅಂತ ಮಾತ್ರ ಹೇಳಬೇಡಿ.

ದುರ್ಗಿಗುಡಿ_ಬಾಯ್

ಯೋಗ ಮಾಡಿ ಸರ್.

ಟೈಪಿಸ್ಟ್_ಮಾವ

ಮಧ್ಯರಾತ್ರಿ 11:52ಕ್ಕೆ ಇದನ್ನು ಕೇಳುತ್ತಿದ್ದೀರಿ. ಪ್ರಶ್ನೆಯಲ್ಲೇ ಉತ್ತರ ಇದೆ ಮಾರಾಯ್ರೆ.

ಬೇಲ್_ಅಣ್ಣ

ಸಿವಿಲ್‌ನವರು ಪುಣ್ಯವಂತರು. ಕ್ರಿಮಿನಲ್ ಮಾಡುವವರು ಫೋನ್ ಆಫ್ ಮಾಡಿದರೆ ಏನಾಗುತ್ತದೆ? ಹಿಡಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು. ಆ 24 ಗಂಟೆಯೇ ನಮ್ಮ ಅಂಗಡಿ. ರಾತ್ರಿ ಒಂದಕ್ಕೆ ಅವನ ಹೆಂಡತಿ ಫೋನ್ ಮಾಡಿದರೆ "ಬೆಳಿಗ್ಗೆ ಬನ್ನಿ" ಅನ್ನೋಕಾಗುತ್ತಾ?

ಪಾಟಿಸವಾಲು

@ಬೇಲ್_ಅಣ್ಣ ಪ್ರಯಾಣದ ಸಮಯ ಬಿಟ್ಟು 24 ಗಂಟೆ. ಪೂರ್ತಿ ಹೇಳಿ.

ಬೇಲ್_ಅಣ್ಣ

ಬಂದ್ರು ನೋಡಿ.

ಹಳೇ_ಡೈರಿ

ನಾನು 1988ರಲ್ಲಿ ವಕೀಲಿಕೆಯ ಸನದು ತಗೊಂಡವನು. ಆಗ ನಮ್ಮ ಸೀನಿಯರ್ ಮನೆಯಲ್ಲಿ ಒಂದು ಲ್ಯಾಂಡ್‌ಲೈನ್ ಇತ್ತು. ಮಳೆಗಾಲ ಪೂರ್ತಿ ಸತ್ತೇ ಬಿದ್ದಿರುತ್ತಿತ್ತು. ಕಕ್ಷಿದಾರ ಹೊಸನಗರದಿಂದ ಬೆಳಗಿನ ಬಸ್ಸಿಗೆ ಬಂದು ಜಗಲಿಯಲ್ಲಿ ಕೂತಿರುತ್ತಿದ್ದ. ಕೇಳಬೇಕಾದ್ದನ್ನು ಒಂದೇ ಸಲ ಕೇಳಿ, ಕಾಫಿ ಕುಡಿದು, ಮಧ್ಯಾಹ್ನದ ಬಸ್ಸಿಗೆ ವಾಪಸ್. ಈಗ ಅದೇ ಮನುಷ್ಯನ ಮೊಮ್ಮಗ ಒಂದು ಪ್ರಶ್ನೆಯನ್ನು ಏಳು ವಾಟ್ಸಾಪ್ ಮೆಸೇಜಾಗಿ ಒಡೆದು ಕಳಿಸುತ್ತಾನೆ.

ಕರಿಕೋಟು, ನಿಮ್ಮ ಮೂರು ಗಂಟೆ ಎಚ್ಚರಕ್ಕೆ ನನ್ನ ಹತ್ತಿರ ಒಂದೇ ಮದ್ದು ಇದೆ. ಡೈರಿ. ಮೊಬೈಲಿನದ್ದಲ್ಲ, ರಟ್ಟಿನದ್ದು. ನಾವೆಲ್ಲ ಬರೆಯುವುದು ಮುಂದಿನ ಡೇಟ್ ಮತ್ತು ಸ್ಟೇಜ್ ಮಾತ್ರ. ನಿದ್ದೆ ಕೆಡಿಸುವುದು ಅದಲ್ಲ. ಡೈರಿಯಲ್ಲಿ ಇಲ್ಲದ ಕೊನೇ ದಿನಗಳು ಕೆಡಿಸುತ್ತವೆ. ದಾವೆಗೆ ಉತ್ತರವಾಗಿ ಕೊಡುವ ಲಿಖಿತ ಹೇಳಿಕೆಗೆ 30 ದಿನ, ಎಳೆದರೆ 90. ಜಿಲ್ಲಾ ಕೋರ್ಟಿಗೆ ಅಪೀಲಿಗೆ 30, ಹೈಕೋರ್ಟಿಗೆ 90. ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಅಂತ ಮೊದಲೇ ಹಾಕುವ ಕೇವಿಯಟ್ 90ಕ್ಕೆ ಸತ್ತುಹೋಗುತ್ತದೆ. ಚೆಕ್ಕಿನ ಕಥೆ ನಿಮಗೇ ಗೊತ್ತು. ಕಾಗದ ಕೈಗೆ ಬಂದ ದಿನವೇ ಕೊನೇ ದಿನ ಲೆಕ್ಕ ಹಾಕಿ, ಅದಕ್ಕೆ ನಾಲ್ಕು ದಿನ ಮುಂಚಿನ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ರಾತ್ರಿ ಎಂಟೂಮುಕ್ಕಾಲಿಗೆ ಗುಮಾಸ್ತ ಮುಂದಿನ ಒಂದು ವಾರದ ಕೆಂಪನ್ನು ಗಟ್ಟಿಯಾಗಿ ಓದುತ್ತಾನೆ. ಅವನ ಹತ್ತಿರವೂ ಒಂದು ಪ್ರತಿ. ಆಮೇಲೆ ಬೀಗ.

ಮನೆಯಲ್ಲಿ ನೆನಪಾದರೆ "ಕೆಂಪಲ್ಲಿದೆ" ಅಂದುಕೊಂಡು ಮಗ್ಗುಲು ಬದಲಿಸುತ್ತೇನೆ. ಮೂವತ್ತು ವರ್ಷದಿಂದ ನಡೆದಿದೆ.

ಕರಿಕೋಟು

ಗಟ್ಟಿಯಾಗಿ ಓದಿಸುವುದು ಯಾಕೆ ಸರ್?

ಹಳೇ_ಡೈರಿ

ಕಣ್ಣು ಹಾರಿಸಿಬಿಡುತ್ತದೆ. ಕಿವಿ ಹಿಡಿಯುತ್ತದೆ. ಮತ್ತೆ ಗುಮಾಸ್ತನಿಗೂ ಜವಾಬ್ದಾರಿ ಅನ್ನಿಸುತ್ತದೆ. ಒಂದು ಸಲ ಅವನೇ "ಸಾರ್, ಇದು ಹೋದ ವಾರ ಆಗಬೇಕಿತ್ತಲ್ಲ" ಅಂದ. ನನ್ನ ಲೆಕ್ಕ ತಪ್ಪಿತ್ತು. ಮೂರು ದಿನ ಕೈಯಲ್ಲಿತ್ತು, ಬಚಾವಾದೆ.

ಪಾಟಿಸವಾಲು

ಚೆಕ್ ವಿಷಯದಲ್ಲಿ ಸುಮಾರು ಜನ ತಪ್ಪುತ್ತಾರೆ, ಇರಲಿ ಅಂತ ಹಾಕುತ್ತಿದ್ದೇನೆ. ಬ್ಯಾಂಕಿನಿಂದ ವಾಪಸಾದ ಸುದ್ದಿ ಸಿಕ್ಕ 30 ದಿನದೊಳಗೆ ನೋಟಿಸ್. ಅದು ತಲುಪಿದ ಮೇಲೆ ಹಣ ಕೊಡಲು 15 ದಿನ. ಅಲ್ಲಿಂದ ಒಂದು ತಿಂಗಳೊಳಗೆ ದೂರು. ಒಂದು ತಿಂಗಳು, 30 ದಿನ ಅಲ್ಲ. ಫೆಬ್ರವರಿಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ದೂರು ತಡವಾದರೆ ಸರಿಯಾದ ಕಾರಣ ಕೊಟ್ಟು ಮನ್ನಿಸಿ ಅಂತ ಕೇಳಬಹುದು, ಎನ್‌ಐ ಆಕ್ಟ್ (ಚೆಕ್ಕುಗಳ ಕಾಯ್ದೆ) ಕಲಂ 142ರಲ್ಲೇ ಇದೆ. ನೋಟಿಸಿನ 30 ದಿನ ತಪ್ಪಿದರೆ ಆ ಬಾಗಿಲಿಲ್ಲ.

ದುರ್ಗಿಗುಡಿ_ಬಾಯ್

ನಿದ್ದೆ ಬರೋಕೆ ಏನು ಮಾಡಬೇಕು ಅಂತ ಕೇಳಿದರೆ ಎನ್‌ಐ ಆಕ್ಟ್ ಓದಿಸುತ್ತಿದ್ದೀರಲ್ಲ ಸರ್. ಆದರೂ ಹೇಳುತ್ತೇನೆ, ಅರ್ಧಕ್ಕೇ ಆಕಳಿಕೆ ಬಂತು.

ಹಿನ್ನೀರಿನ_ಹುಡುಗಿ

ಸಾಗರ ಕೋರ್ಟ್. ಜಾಸ್ತಿ ಕೌಟುಂಬಿಕ ಕೇಸುಗಳು.

ಡೈರಿ ಒಳ್ಳೆಯದೇ. ಆದರೆ ನನ್ನ ನಿದ್ದೆ ಕೆಡಿಸುವುದು ಕೊನೇ ದಿನಗಳಲ್ಲ, ಕಕ್ಷಿದಾರರ ಮುಖ. ಎರಡು ಮಕ್ಕಳನ್ನು ಕಟ್ಟಿಕೊಂಡು ತವರಿಗೂ ಹೋಗಲಾರದೆ ನಮ್ಮ ಆಫೀಸಿನ ಬೆಂಚಿನ ಮೇಲೆ ಕೂತ ಹುಡುಗಿ. ಅವಳ ಮಾತು ಕೇಳಿ ಅರ್ಜಿ ಬರೆದು ಮನೆಗೆ ಹೋದರೆ, ಗಂಡ "ಇವತ್ತು ಏನಾಯ್ತು?" ಅಂತ ಕೇಳುತ್ತಾರೆ. ಏನು ಹೇಳಲಿ? ಕಕ್ಷಿದಾರರು ಹೇಳಿದ್ದನ್ನು ಹೊರಗೆ ಹೇಳುವಂತಿಲ್ಲ. ಹಿಂದೆ ಸಾಕ್ಷ್ಯ ಕಾಯ್ದೆಯ 126, ಈಗ ಹೊಸದರಲ್ಲಿ 132. ಸಣ್ಣ ಊರು. ಹೆಸರು ಬಿಟ್ಟು ಹೇಳಿದರೂ "ಓ, ಆ ಮನೆಯವಳಾ" ಅಂತ ಗೊತ್ತಾಗಿಬಿಡುತ್ತದೆ. ಹಾಗಾಗಿ "ಏನಿಲ್ಲ" ಅಂದು ದೋಸೆಗೆ ನೆನೆಹಾಕುತ್ತೇನೆ.

ಹೆಂಗಸರಿಗೆ ಇನ್ನೊಂದು ಪಾಳಿ ಮನೆಯಲ್ಲಿ ಕಾದಿರುತ್ತದೆ. ಅದಕ್ಕೆ ಕೋರ್ಟಿನ ಹಾಗೆ ಮುದ್ದತ್ತು, ಮುಂದಿನ ಡೇಟ್ ಸಿಗುವುದಿಲ್ಲ.

ಹಿಂದೆ ನನಗೊಂದು ರಜೆ ಇತ್ತು, ಹೇಳಿದರೆ ನಗುತ್ತೀರಿ. ತುಮರಿ ಕಡೆ ತವರು. ಶನಿವಾರ ಸಂಜೆ ಶರಾವತಿ ಹಿನ್ನೀರು ದಾಟಲು ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾಯಬೇಕು. ನೆಟ್‌ವರ್ಕ್ ಇಲ್ಲ. ಎದುರಿಗೆ ನೀರು, ಮುಳುಗಿದ ಮರಗಳ ಬೊಡ್ಡೆ, ಸಿಗಂದೂರಿಗೆ ಹೊರಟವರ ಗಲಾಟೆ. ಒಂದೊಂದು ಸಲ ಒಂದೂವರೆ ಗಂಟೆ. ಎಲ್ಲರೂ ಬೈದುಕೊಳ್ಳುತ್ತಿದ್ದರು. ನಾನು ಮಾತ್ರ ಕಡಲೆಕಾಯಿ ತಿಂದುಕೊಂಡು ಸುಮ್ನೆ ಕೂತಿರುತ್ತಿದ್ದೆ. 2025ರ ಜುಲೈನಲ್ಲಿ ಸೇತುವೆ ಆಯಿತು. ಈಗ ಐದು ನಿಮಿಷದಲ್ಲಿ ಆಚೆ ದಡ.

ತುಂಗಾ_ಮೀನು

ಅಕ್ಕಾ, ಸೇತುವೆಗೆ ಅರವತ್ತು ವರ್ಷ ಕಾದಿದ್ದೇವೆ. ರಾತ್ರಿ ಹೆರಿಗೆ ನೋವು ಬಂದವರನ್ನು ದಾಟಿಸಲಾಗದೆ ಒದ್ದಾಡಿದ್ದು ನೋಡಿದ್ದೇನೆ. ಲಾಂಚ್ ಚಂದ ಇತ್ತು ಅನ್ನಬೇಡಿ.

ಹಿನ್ನೀರಿನ_ಹುಡುಗಿ

ನಾನೂ ಮುಳುಗಡೆಯವರ ಮನೆಯವಳೇ. ಸೇತುವೆ ಬೇಡ ಅಂದೆನಾ? ನನ್ನ ಒಂದೂವರೆ ಗಂಟೆ ಹೋಯಿತು ಅಂದೆ ಅಷ್ಟೇ.

ಅಡಿಕೆ_ಬೆಳೆಗಾರ

ನಾನು ವಕೀಲ ಅಲ್ಲ, ಕಕ್ಷಿದಾರ. ತೋಟದ ದಾರಿ ಕೇಸು, 11 ವರ್ಷ. ನೀವೆಲ್ಲ ಸೇರಿ ಫೋನ್ ಎತ್ತದಿರುವುದು ಹೇಗೆ ಅಂತ ಚರ್ಚೆ ಮಾಡುತ್ತಿರುವುದು ನೋಡಿ ಹೊಟ್ಟೆ ಉರಿಯಿತು. ಫೀಸ್ ತಗೊಳ್ಳುವಾಗ "ಯಾವಾಗ ಬೇಕಾದ್ರೂ ಫೋನ್ ಮಾಡಿ ಗೌಡ್ರೆ" ಅಂದವರು ಯಾರು? ಹೋದ ಮಳೆಗಾಲದಲ್ಲಿ ರಾತ್ರಿ ಹತ್ತಕ್ಕೆ ಪಕ್ಕದವರು ಬೇಲಿ ಕೀಳುತ್ತಿದ್ದರು. ನಾಲ್ಕು ಸಲ ಮಾಡಿದೆ. ಎತ್ತಲಿಲ್ಲ.

ದುರ್ಗಿಗುಡಿ_ಬಾಯ್

ಗೌಡ್ರೆ, ರಾತ್ರಿ ಹತ್ತಕ್ಕೆ ಬೇಲಿ ಕಿತ್ತರೆ 112. ವಕೀಲರು ಬಂದು ಬೇಲಿ ಹಿಡಿದುಕೊಳ್ಳುತ್ತಾರಾ?

ಅಡಿಕೆ_ಬೆಳೆಗಾರ

ಅವರೇನೂ ಮಾಡೋಕಾಗಲ್ಲ ಅಂತ ನನಗೂ ಗೊತ್ತು ತಮ್ಮ. 112 ಮಾಡಿ, ಫೋಟೋ ಹೊಡ್ಕೊಳ್ಳಿ, ಕೈ ಮಾಡಬೇಡಿ, ಬೆಳಿಗ್ಗೆ ಬನ್ನಿ. ಇಷ್ಟು ಮಾತು ಬೇಕಿತ್ತು. ಅದು ಸಿಗದೆ ನನ್ನ ಮಗ ಕತ್ತಿ ಹಿಡಿದು ಹೊರಟಿದ್ದ. ಅವನ ಅಮ್ಮ ಕಾಲು ಹಿಡಿದು ನಿಲ್ಲಿಸಿದಳು.

ಕರಿಕೋಟು

ಗೌಡ್ರೆ, ಇದನ್ನು ಬರೆದದ್ದು ಒಳ್ಳೆಯದಾಯಿತು. "ಯಾವಾಗ ಬೇಕಾದ್ರೂ ಮಾಡಿ" ಅಂತ ನಾನೂ ಹೇಳಿದ್ದೇನೆ, ಸುಮಾರು ಜನರಿಗೆ. ಹೇಳುವಾಗ ಖುಷಿ, ಫೋನ್ ಬಂದಾಗ ಸಿಟ್ಟು.

ಬೇಲ್_ಅಣ್ಣ

ಗೌಡ್ರ ಮಾತಲ್ಲಿ ಹುರುಳಿದೆ. ನಾವು ಭದ್ರಾವತಿ ಕಡೆಯ ನಾಲ್ಕು ಜನ ಎರಡು ವರ್ಷದಿಂದ ಹೀಗೆ ಮಾಡುತ್ತಿದ್ದೇವೆ. ಒಂದು ಕೀಪ್ಯಾಡ್ ಫೋನ್ ತಗೊಂಡಿದ್ದೇವೆ. ವಾರಕ್ಕೊಬ್ಬರ ಹತ್ತಿರ ಇರುತ್ತದೆ. ವಕಾಲತ್ತಿಗೆ ಸಹಿ ಹಾಕಿಸುವ ದಿನವೇ ಕಕ್ಷಿದಾರನ ಕೈಗೆ ಚೀಟಿ: ರಾತ್ರಿ ಒಂಬತ್ತರ ಮೇಲೆ ಅರೆಸ್ಟ್, ಹೊಡೆದಾಟ, ಮನೆ ಖಾಲಿ ಮಾಡಿಸುವುದು, ಇಂಥದ್ದಕ್ಕೆ ಮಾತ್ರ ಈ ನಂಬರ್, ನಮ್ಮಲ್ಲಿ ಯಾರಾದರೂ ಎತ್ತುತ್ತೇವೆ ಅಂತ. ಮುಂಚೆಯೇ ಒಪ್ಪಿಗೆ ಕೇಳುತ್ತೇವೆ. ಬೇರೆಯವರಿಗೆ ಹೇಳುವುದು ಬೇಡ ಅಂದವರನ್ನು ಅವರವರ ವಕೀಲರೇ ನೋಡಿಕೊಳ್ಳುತ್ತಾರೆ. ನಾಲ್ಕು ವಾರದಲ್ಲಿ ಮೂರು ವಾರ ನಾನು ಮನುಷ್ಯನ ಹಾಗೆ ಮಲಗುತ್ತೇನೆ.

ಮೊದಲ ತಿಂಗಳು ಕಷ್ಟ ಆಯಿತು. ಒಬ್ಬ ಕಕ್ಷಿದಾರ ಫೈಲ್ ತಗೊಂಡು ಹೋದ. ಸುಳ್ಳು ಯಾಕೆ ಹೇಳಲಿ.

ಪಾಟಿಸವಾಲು

ನಿಮ್ಮ ನಾಲ್ಕು ಜನರಲ್ಲಿ ಒಬ್ಬರು ಎದುರು ಪಾರ್ಟಿಗೆ ವಕೀಲರಾಗಿದ್ದರೆ?

ಬೇಲ್_ಅಣ್ಣ

ಆ ಕೇಸನ್ನು ಪಾಳಿಯಿಂದ ತೆಗೆಯುತ್ತೇವೆ. ನಿಮಗಿಂತ ಮುಂಚೆ ನಮ್ಮನ್ನು ಇದನ್ನು ಕೇಳಿದ್ದು ಒಬ್ಬ ಕಳ್ಳತನದ ಆರೋಪಿ.

ಮನೆಯವಳು

ತೀರ್ಥಹಳ್ಳಿ. ಗಂಡ ವಕೀಲರು. ನಮ್ಮ ಮನೆಯಲ್ಲಿ ಮಳೆಗಾಲದ ಕಥೆಯೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕರಿ ಕೋಟು ಒಣಗುವುದಿಲ್ಲ. ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಬೇಕು. ಹಾಗಾಗಿ ಕೋರ್ಟಿನಿಂದ ಮೊದಲು ಮನೆಯೊಳಗೆ ಬರುವುದು ಕೋಟು, ಆಮೇಲೆ ಇವರು. ಕೋಟು ಕಣ್ಣೆದುರಿಗೆ ನೇತಾಡುತ್ತಿದ್ದರೆ ಸ್ನಾನ ಮಾಡುವಾಗಲೂ ಕೇಸಿನ ಮಾತು. "ಅವನು ಆ ಪ್ರಶ್ನೆ ಕೇಳಬಾರದಿತ್ತು ಕಣೆ" ಅಂತ ಬಚ್ಚಲಿನಿಂದ ಕೂಗು.

ಎರಡು ವರ್ಷದ ಹಿಂದೆ ನಾನೇ ಒಂದು ಹಳೇ ಕೋಟು ಹೊಲಿಸಿ ಸರಿಮಾಡಿ ಎರಡು ಮಾಡಿದೆ. ಒದ್ದೆಯದನ್ನು ಆಫೀಸಿನ ಹತ್ತಿರದ ಇಸ್ತ್ರಿ ಅಂಗಡಿಗೆ ಕೊಟ್ಟು ಬರಬೇಕು. ಕೋಟು ಮನೆ ಹೊಸ್ತಿಲು ದಾಟುವಂತಿಲ್ಲ. ಮಾತು ಅರ್ಧ ಕಡಿಮೆ ಆಯಿತು. ಹೇಗೆ ಅಂತ ನನಗೆ ಗೊತ್ತಿಲ್ಲ.

ಟೈಪಿಸ್ಟ್_ಮಾವ

ಬೂಷ್ಟು ಹಿಡಿದ ಕೋಟಿಗೆ ಬಿಸಿಲೇ ಮದ್ದು ತಾಯಿ. ಇಸ್ತ್ರಿಗೆ ವಾಸನೆ ಹೋಗಲ್ಲ.

ಮನೆಯವಳು

ಆಗಸ್ಟಿನಲ್ಲಿ ತೀರ್ಥಹಳ್ಳಿಗೆ ಬಿಸಿಲು ತಂದುಕೊಡಿ, ಒಣಗಿಸುತ್ತೇನೆ.

ಜೂನಿಯರ್_3

ನಿಮ್ಮೆಲ್ಲರ ಕಕ್ಷಿದಾರರು ಹತ್ತೂವರೆಗೆ ಫೋನ್ ಮಾಡುತ್ತಾರೆ. ನನಗೆ ಹನ್ನೊಂದಕ್ಕೆ ಸೀನಿಯರ್ ಮಾಡುತ್ತಾರೆ. "ನಾಳೆ ಆ ತೀರ್ಪು ಹುಡುಕಿ ಇಟ್ಟಿರು." ಅದರ ಜೊತೆಗೆ 2024ರ ಜುಲೈ 1ರಿಂದ ಹೊಸ ಕಾನೂನು. ಅದಕ್ಕೆ ಮುಂಚಿನ ಅಪರಾಧಕ್ಕೆ ಐಪಿಸಿ (ಭಾರತೀಯ ದಂಡ ಸಂಹಿತೆ), ಆಮೇಲಿನದಕ್ಕೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ). ಎರಡೂ ತಲೆಯಲ್ಲಿ ಇಟ್ಟುಕೊಳ್ಳಬೇಕು. ವಂಚನೆಯ 420 ಈಗ 318. ಕನಸಲ್ಲೂ ಕಲಂ ಬದಲಾಗುತ್ತಿರುತ್ತವೆ. ಕೈಗೆ ಸಿಗುವುದು ಪೆಟ್ರೋಲಿಗೆ ಸಾಲದು. 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಜೂನಿಯರಿಗೆ ಪಟ್ಟಣದಲ್ಲಿ 20,000, ಹಳ್ಳಿ ಕಡೆ 15,000 ಕೊಡಿ ಅಂತ ಸುತ್ತೋಲೆ ಹೊರಡಿಸಿತು. ಅದನ್ನು ಪ್ರಿಂಟ್ ಮಾಡಿ ಸೀನಿಯರ್ ಟೇಬಲ್ ಮೇಲೆ ಇಟ್ಟೆ. ಅದರ ಹಿಂಬದಿಯಲ್ಲಿ ಮರುದಿನದ ಕೇಸ್ ಪಟ್ಟಿ ಬರೆದು ಕೊಟ್ಟರು.

ಹಳೇ_ಡೈರಿ

ಅದು ಶಿಫಾರಸು ಮಗು, ಆದೇಶ ಅಲ್ಲ. ತಾಲೂಕು ಕೋರ್ಟಿನ ಎಷ್ಟೋ ಸೀನಿಯರ್‌ಗೇ ತಿಂಗಳಿಗೆ ಗ್ಯಾರಂಟಿ 15,000 ಉಳಿಯುವುದಿಲ್ಲ.

ಆದರೆ ಹನ್ನೊಂದಕ್ಕೆ ಫೋನ್ ಮಾಡುವುದು ತಪ್ಪು. ನಾನೂ ಮಾಡುತ್ತಿದ್ದೆ, ಒಪ್ಪಿಕೊಳ್ಳುತ್ತೇನೆ. ಆ ಹೊತ್ತಿಗೆ ನೆನಪಾಗಿದ್ದನ್ನು ಇನ್ನೊಬ್ಬರ ತಲೆಗೆ ದಾಟಿಸಿ ನಾನು ಮಲಗಿಬಿಡುತ್ತಿದ್ದೆ. ಎಚ್ಚರ ಇರುತ್ತಿದ್ದುದು ಹುಡುಗ. ಈಗ ದಿಂಬಿನ ಪಕ್ಕ ಒಂದು ಚೀಟಿ ಇಟ್ಟುಕೊಂಡಿದ್ದೇನೆ.

ದುರ್ಗಿಗುಡಿ_ಬಾಯ್

ಫ್ರಾನ್ಸಿನಲ್ಲಿ 2017ರಿಂದ ಕೆಲಸದ ಹೊತ್ತು ಮುಗಿದ ಮೇಲೆ ಮೆಸೇಜಿಗೆ ಉತ್ತರ ಕೊಡಬೇಕಿಲ್ಲ ಅನ್ನೋ ಹಕ್ಕು ಇದೆ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿನಿಂದ. ನಮ್ಮಲ್ಲೂ 2018ರಲ್ಲಿ ಸುಪ್ರಿಯಾ ಸುಳೆ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು.

ಪಾಟಿಸವಾಲು

ಅದೆಲ್ಲ ಸಂಬಳದವರಿಗೆ. ನಾವು ಪ್ರಾಕ್ಟೀಸ್ ಮಾಡುತ್ತಾ ಪೂರ್ಣಾವಧಿ ಸಂಬಳದ ಕೆಲಸ ಮಾಡುವಂತೆಯೇ ಇಲ್ಲ, ಪರಿಷತ್ತಿನ ನಿಯಮ 49. ನಮಗೆ ಮಾಲೀಕ ಯಾರು, ಹಕ್ಕು ಯಾರ ಮೇಲೆ ಚಲಾಯಿಸೋದು?

ಟೈಪಿಸ್ಟ್_ಮಾವ

ಹೆಂಡತಿಯ ಮೇಲಂತೂ ಆಗಲ್ಲ.

ಮಳೆ_ನಿಂತಮೇಲೆ

ನಾನು ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೆಲಸ ಮಾಡುವವಳು, ಶಿವಮೊಗ್ಗದಲ್ಲೇ. ನಗುವಿನ ನಡುವೆ ಎರಡು ಮಾತು.

ವಕೀಲರ ಕಷ್ಟ ಸುಮ್ನೆ ಹೇಳುವ ಮಾತಲ್ಲ. 2016ರಲ್ಲಿ ಅಮೆರಿಕದಲ್ಲಿ ಸುಮಾರು 12,800 ವಕೀಲರ ಸಮೀಕ್ಷೆ ಪ್ರಕಟವಾಯಿತು. ನೂರಕ್ಕೆ 28 ಜನರಲ್ಲಿ ಖಿನ್ನತೆಯ ಲಕ್ಷಣ, ಐವರಲ್ಲಿ ಒಬ್ಬರಿಗೆ ಕುಡಿತದ ತೊಂದರೆ. ಅದರಲ್ಲೂ ವೃತ್ತಿಗೆ ಹೊಸಬರಲ್ಲೇ ಜಾಸ್ತಿ. ನಾವು "ಹೊಸಬರು, ತಡ್ಕೋತಾರೆ" ಅಂದುಕೊಳ್ಳುತ್ತೇವೆ.

ಕರಿಕೋಟು ಸರ್, ಒಂದು ರಾತ್ರಿ ಎಚ್ಚರವಾದರೆ ಅದು ಕೆಲಸ. ಎರಡು ವಾರಕ್ಕಿಂತ ಜಾಸ್ತಿ ದಿನವೂ ಹಾಗೇ ಆದರೆ, ಊಟ ರುಚಿಸದಿದ್ದರೆ, ಇಷ್ಟದ್ದೆಲ್ಲ ಬೇಡ ಅನಿಸಿದರೆ, ಡೈರಿ ಮಾತ್ರ ಸಾಲದು. ನಿದ್ದೆ ಬರಲಿ ಅಂತ ಎರಡು ಪೆಗ್ ಹಾಕುವವರಿಗೂ ಹೇಳುತ್ತೇನೆ. ಅದು ಬೇಗ ಮಲಗಿಸುತ್ತದೆ, ಮೂರು ಗಂಟೆಗೆ ಅದೇ ಎಬ್ಬಿಸುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬದುಕೇ ಬೇಡ ಅನ್ನಿಸಿದರೆ ಬೆಳಗಾಗುವ ತನಕ ಕಾಯಬೇಡಿ, ಆಗಲೇ ಮಾಡಿ, ಮನೆಯಲ್ಲಿ ಒಬ್ಬರನ್ನು ಎಬ್ಬಿಸಿ.

ದುರ್ಗಿಗುಡಿ_ಬಾಯ್

ಅಮೆರಿಕದ ಲೆಕ್ಕ ನಮಗೆ ಸರಿ ಹೊಂದುತ್ತಾ ಮೇಡಂ? ಆದರೆ ಬಾರ್ ಅನ್ನುವ ಪದಕ್ಕೆ ಅಲ್ಲೂ ಎರಡು ಅರ್ಥ ಇರಬೇಕು.

ಹೆಸರು_ಬೇಡ

ನಗಬೇಡ ತಮ್ಮ. ನಾನು ಆ ಐವರಲ್ಲಿ ಒಬ್ಬ. ಹೈಕೋರ್ಟ್ ಕೆಲಸಕ್ಕೆ ತಾಳಗುಪ್ಪದ ರಾತ್ರಿ ರೈಲಿಗೆ ಬೆಂಗಳೂರಿಗೆ ಹೋಗುತ್ತಿದ್ದೆ. ನಿದ್ದೆ ಬರಲಿ ಅಂತ ಹತ್ತುವ ಮುಂಚೆ ಸ್ವಲ್ಪ. ಆಮೇಲೆ ರೈಲಿಲ್ಲದ ದಿನವೂ. ಒಂದು ಬೆಳಿಗ್ಗೆ ಸಾಕ್ಷಿಯ ಹೆಸರೇ ನಾಲಿಗೆಗೆ ಬರಲಿಲ್ಲ. ಎದುರು ವಕೀಲರು ನನ್ನ ವಿರುದ್ಧ ಏನೂ ಹೇಳದೆ ತಾವೇ ಮುದ್ದತ್ತು ಕೇಳಿದರು. ಹೊರಗೆ ಬಂದು "ಮೊದಲು ಡಾಕ್ಟರ ಹತ್ತಿರ ಹೋಗೋಣ ಬನ್ನಿ" ಅಂದರು.

ಹೋಗೋಕೆ ನಾಚಿಕೆ. ಮೆಗ್ಗಾನ್ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಯಾವುದಾದರೂ ಕಕ್ಷಿದಾರ "ಏನ್ ಸಾರ್ ಇಲ್ಲಿ?" ಅಂತ ಕೇಳೇ ಕೇಳುತ್ತಾನೆ. ಕೇಳಿದ. "ನಿನ್ನ ಕೇಸಿಂದಾನೇ" ಅಂದೆ. ಅವನೂ ಅದೇ ಸಾಲಿನಲ್ಲಿದ್ದ. ಕುಡಿತ ಬಿಟ್ಟು ಈಗ ಒಂದು ವರ್ಷ ನಾಲ್ಕು ತಿಂಗಳು.

ಮಳೆ_ನಿಂತಮೇಲೆ

ಬರೆದದ್ದಕ್ಕೆ ಥ್ಯಾಂಕ್ಸ್ ಸರ್. ನೀವು ಕಕ್ಷಿದಾರರ ಮಾತು ಹೇಗೆ ಹೊರಗೆ ಬಿಡುವುದಿಲ್ಲವೋ ನಾವೂ ಹಾಗೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಹಿನ್ನೀರಿನ ಹುಡುಗಿಯವರೂ ಗಮನಿಸಿ. ಕೇಸಿನ ವಿವರ ಹೇಳದೆಯೂ ನಿಮಗೇನಾಯಿತು ಅಂತ ಹೇಳಬಹುದು.

ಹಿನ್ನೀರಿನ_ಹುಡುಗಿ

ಮೊನ್ನೆ ರಾತ್ರಿ ಹಾಗೇ ಮಾಡಿದೆ. "ಇವತ್ತು ಒಬ್ಬರ ಮಾತು ಕೇಳಿ ಕೈ ನಡುಗಿತು, ಯಾರು ಅಂತ ಕೇಳಬೇಡಿ" ಅಂದೆ. ಗಂಡ ಕೇಳಲಿಲ್ಲ. ಎದ್ದು ಹೋಗಿ ತಾವೇ ಹಿಟ್ಟು ರುಬ್ಬಿದರು. ಉಪ್ಪು ಎರಡು ಸಲ ಹಾಕಿದ್ದಾರೆ.

ಅಡಿಕೆ_ಬೆಳೆಗಾರ

ಒಂದು ಮಾತು. ಡೇಟ್ ಆದ ದಿನ ಸಂಜೆ ಗುಮಾಸ್ತರು ಒಂದು ಮೆಸೇಜ್ ಹಾಕಿದರೆ ಸಾಕು. ಇವತ್ತು ಏನಾಯ್ತು, ಮುಂದೆ ಯಾವತ್ತು, ನಾನು ಬರಬೇಕಾ ಬೇಡವಾ. ನಾನು ಫೋನ್ ಮಾಡಿದ್ದರಲ್ಲಿ ಮುಕ್ಕಾಲು ಪಾಲು ಇದಕ್ಕೇ. ಆ ಆ್ಯಪ್ ನೋಡಿದರೆ ನನಗೆ ತಲೆ ಬುಡ ಗೊತ್ತಾಗಲ್ಲ.

ಮತ್ತೆ ಯಾರಿಗಾದರೂ ಅಡಿಕೆಯ ಕೊಳೆ ರೋಗಕ್ಕೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಯಲು ಆಳು ಗೊತ್ತಿದ್ದರೆ ಹೇಳಿ. ಮಳೆ ಬಿಡುವು ಕೊಡುತ್ತಿಲ್ಲ.

ತುಂಗಾ_ಮೀನು

ಕೋಣಂದೂರು ಕಡೆ ಇಬ್ಬರು ಇದ್ದಾರೆ ಗೌಡ್ರೆ, ಮೆಸೇಜ್ ಮಾಡ್ತೀನಿ. ಮಳೆ ನಿಂತು ಹೊಳವಾದರೆ ಮಾತ್ರ ಮರ ಹತ್ತುತ್ತಾರೆ.

ಕರಿಕೋಟು · ಎರಡು ವಾರದ ಮೇಲೆ

ಏನಾಯಿತು ಅಂತ ಹೇಳಬೇಕಲ್ಲ.

ಕೆಂಪು ಶಾಯಿ ಶುರು ಮಾಡಿದೆ. ಹಳೇ ಫೈಲುಗಳನ್ನೆಲ್ಲ ತೆಗೆದು ಲೆಕ್ಕ ಹಾಕಲು ಎರಡು ಶನಿವಾರ ಬೇಕಾಯಿತು. ಗೌಡ್ರು ಹೇಳಿದ ಮೆಸೇಜನ್ನು ಗುಮಾಸ್ತ ಸಂಜೆ ಆರಕ್ಕೆ ಕಳಿಸುತ್ತಾನೆ. ರಾತ್ರಿ ಫೋನ್ ನಿಜಕ್ಕೂ ಕಮ್ಮಿ ಆಗಿದೆ. ಹತ್ತಕ್ಕೆ ಫೋನನ್ನು ಅಡುಗೆಮನೆಯಲ್ಲಿ ಉಪ್ಪಿನಕಾಯಿ ಜಾಡಿಗಳ ಹಿಂದೆ ಇಡುತ್ತೇನೆ. ತುರ್ತಿಗೆ ನಾವು ಮೂವರು ಪಾಳಿ ಮಾಡಿಕೊಂಡಿದ್ದೇವೆ.

ಮೊನ್ನೆ ಹತ್ತೂ ಐವತ್ತಕ್ಕೆ ಜಾಡಿ ಹಿಂದಿನಿಂದ ರಿಂಗ್ ಆಯಿತು. ಎತ್ತಲಿಲ್ಲ. ನಿಂತಿತು, ಮತ್ತೆ ಆಯಿತು. ಬೆವರು ಬಂತು ನನಗೆ, ಸುಳ್ಳಲ್ಲ. ಬೆಳಿಗ್ಗೆ ವಾಪಸ್ ಮಾಡಿದರೆ, "ಓ, ಜೇಬಲ್ಲಿ ಒತ್ತಿಕೊಂಡು ಬಿಟ್ಟಿತ್ತು ಸಾರ್. ಹೇಗಿದ್ದೀರಿ?"

ಎಚ್ಚರ ಇನ್ನೂ ಆಗುತ್ತದೆ, ಎರಡು ಮೂರು ದಿನಕ್ಕೊಮ್ಮೆ. 14416ಕ್ಕೆ ಒಂದು ಸಲ ಮಾಡಿದೆ. ಇಪ್ಪತ್ತು ನಿಮಿಷ ಮಾತಾಡಿದರು. ಇನ್ನೊಂದು ಸಲ ಮಾಡುತ್ತೇನೆ.

ಮಗಳ ಬಾಟಲಿ ವ್ಯಾನಿನಲ್ಲೇ ಇತ್ತು. ಎರಡೂ ಹೇಳಿಕೆ ನಿಜ.

ಪಾಟಿಸವಾಲು

ಕೈಯಲ್ಲೂ ಬ್ಯಾಗಲ್ಲೂ ಎರಡೂ ಹೇಗೆ?

ಕರಿಕೋಟು

ಹತ್ತುವಾಗ ಕೈಯಲ್ಲಿ, ಆಮೇಲೆ ಬ್ಯಾಗಲ್ಲಿ, ಅಲ್ಲಿಂದ ಸೀಟಿನ ಕೆಳಗೆ. ಸರಿಯಾಗಿ ಕೇಳಿದ್ದರೆ ಹೇಳುತ್ತಿದ್ದಳು.

ಹಳೇ_ಡೈರಿ

ಅದಿರಲಿ, ಮೊನ್ನೆ ಕೋರ್ಟ್ ಹಾಲಿನಲ್ಲಿ ಹೇಳಿದ್ದಿರಲ್ಲ, ಆ ಚೆಕ್ ನೋಟಿಸಿಗೆ ಶನಿವಾರ ಕೊನೇ ದಿನ ಅಲ್ವಾ?

ಕರಿಕೋಟು

ಮಂಗಳವಾರವೇ ಹೋಯಿತು ಸರ್, ರಿಜಿಸ್ಟರ್ಡ್. ರಸೀದಿ ಗುಮಾಸ್ತನ ಹತ್ತಿರ ಇದೆ. ಹತ್ತು ಗಂಟೆ ಆಗ್ತಾ ಬಂತು, ಜಾಡಿ ಹಿಂದೆ ಇಡ್ತೀನಿ.